ಎರಡು ಅಂಕದ ಹಿಮನದಿ

‘ಹಿಮನದಿ ಎಂದರೇನು?’

ದಾವಣಗೆರೆಯ ಭೂಗೋಳದ ಮೇಷ್ಟ್ರೊಬ್ಬರು ಈ ಎರಡು ಅಂಕದ ಪ್ರಶ್ನೆಯನ್ನು 31 ವರ್ಷ ಕೇಳಿದರು. ‘ಇಳಿಜಾರಿನಲ್ಲಿ ನಿಧಾನವಾಗಿ ಚಲಿಸುವ ಹಿಮರಾಶಿ’ ಎಂದು ಬರೆದವರಿಗೆ ಎರಡು ಅಂಕ. ‘ಹಿಮಾಲಯದಲ್ಲಿರುತ್ತದೆ’ ಎಂದು ಬರೆದು ಪಾರಾಗಲು ನೋಡಿದವರಿಗೆ ಅರ್ಧ. ಪ್ರಶ್ನೆ ಕೇಳಿದವರು ಮಾತ್ರ ಹಿಮನದಿ ಕಂಡವರಲ್ಲ. ಅವರು ಕಂಡ ಅತಿ ದೊಡ್ಡ ಮಂಜುಗಡ್ಡೆಯೆಂದರೆ ಮಂಗಳೂರಿನ ಧಕ್ಕೆಯಲ್ಲಿ ಮೀನಿನ ಲಾರಿಗೆ ಏರಿಸುತ್ತಿದ್ದ ಐಸಿನ ದಿಮ್ಮಿ. ಶಾಲಾ ಪ್ರವಾಸದಲ್ಲಿ ಅದರ ಮುಂದೆಯೂ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಪಾಠ ಮಾಡಿದ್ದರು.

ನಿವೃತ್ತಿಯ ನಂತರ, ಸಿಯಾಟಲ್‌ನಲ್ಲಿರುವ ಮಗಳು ಈ ಹಳೇ ಬಾಕಿ ತೀರಿಸಲು ಹೊರಟಳು. ಜೂನ್ ತಿಂಗಳ ಒಂದು ರಾತ್ರಿ ಅಲಾಸ್ಕಾದ ಆಂಕರೇಜ್‌ನ ಬಾಡಿಗೆ ಮನೆಯಲ್ಲಿ ಅಪ್ಪ, ಅಮ್ಮ, ಮಗಳು, ಅಳಿಯ ಲ್ಯಾಪ್‌ಟಾಪ್ ಸುತ್ತ ಕೂತರು. ಒಂದು ದಿನದ ದೋಣಿ ಪ್ರವಾಸ ಆರಿಸಬೇಕು. ಹಿಮನದಿಯೂ ಕಾಣಬೇಕು, ಕಡಲ ಪ್ರಾಣಿಗಳೂ ಸಿಗಬೇಕು. ಆ ಊರಿನಲ್ಲಿ ಜೂನ್‌ನ ಸೂರ್ಯ ಮುಳುಗುವುದೇ ರಾತ್ರಿ ಹನ್ನೊಂದೂವರೆಯ ಸುಮಾರಿಗೆ. ಹಾಗಾಗಿ ‘ಕತ್ತಲಾಯ್ತು, ಏಳಿ ಮಲಗೋಣ’ ಎಂದು ವಾದ ಮುಗಿಸುವ ಸೌಲಭ್ಯ ಅಲ್ಲಿ ಯಾರಿಗೂ ಇರಲಿಲ್ಲ.

ನಾಲ್ವರಿಗೆ ನಾಲ್ಕು ಬೇಡಿಕೆ. ಮೇಷ್ಟ್ರಿಗೆ ಹಿಮನದಿಯಿಂದ ಗಡ್ಡೆ ಕಳಚಿ ಸಮುದ್ರಕ್ಕೆ ಬೀಳುವುದನ್ನು ಕಣ್ಣಾರೆ ನೋಡಬೇಕು. ಮಗಳಿಗೆ ಓರ್ಕಾ ತಿಮಿಂಗಿಲ ಬೇಕು. ಬಾಡಿಗೆಗೆ ಮಾರುದ್ದದ ಲೆನ್ಸ್ ತಂದಿದ್ದ ಅಳಿಯನಿಗೆ ಪಫಿನ್ ಹಕ್ಕಿ ಬೇಕು. ಮೇಷ್ಟ್ರ ಹೆಂಡತಿಯದು ಅತ್ಯಂತ ಸರಳ: ‘ನಂಗೆ ವಾಂತಿ ಆಗಬಾರ್ದು, ಅಷ್ಟೇ.’

ಜಾಹೀರಾತುಗಳು ನೆರವಿಗೆ ಬರಲಿಲ್ಲ. ಯಾವುದನ್ನು ತೆರೆದರೂ ತಿಮಿಂಗಿಲ ನೀರಿನಿಂದ ನೆಗೆದು, ಗಾಳಿಯಲ್ಲಿ ಅರ್ಧ ತಿರುಗಿ, ಹಿಂದೆ ಹಿಮನದಿ ಹೊಳೆಯುತ್ತಿರುವಂತೆ ನಿಂತಿತ್ತು. ‘ಗಂಡಿನ ಫೋಟೋದಲ್ಲೂ ಹೀಗೇ ಕಾರಿಗೆ ಒರಗಿ ನಿಂತಿರ್ತಾರೆ. ಕಾರು ಅವರದೇ ಅಂತ ಫೋಟೋದಲ್ಲಿ ಎಲ್ಲಿ ಬರೆದಿರುತ್ತೆ?’ ಎಂದರು ಅಮ್ಮ. ಅಳಿಯ ಸುಮ್ಮನೆ ಪರದೆ ನೋಡುತ್ತಿದ್ದ.

ಮೊದಲು ಬಂದದ್ದು ವಿಟಿಯರ್ ಎಂಬ ಪುಟ್ಟ ಬಂದರಿನ ಸಂಬಂಧ. ಅಲ್ಲಿನ ಬಹುಪಾಲು ಜನ ವಾಸಿಸುವುದು 14 ಮಹಡಿಯ ಒಂದೇ ಕಟ್ಟಡದಲ್ಲಿ. ಊರಿಗೆ ಹೋಗಬೇಕಾದರೆ ನಾಲ್ಕು ಕಿಲೋಮೀಟರ್ ಉದ್ದದ ಸುರಂಗ ದಾಟಬೇಕು. ಅದರೊಳಗೆ ಇರುವುದು ಒಂದೇ ಸಾಲಿನ ದಾರಿ, ಅದರ ಮೇಲೇ ರೈಲುಹಳಿ. ಒಂದಷ್ಟು ಹೊತ್ತು ಆ ಕಡೆಯ ಕಾರುಗಳಿಗೆ, ಒಂದಷ್ಟು ಹೊತ್ತು ಈ ಕಡೆಯ ಕಾರುಗಳಿಗೆ, ನಡುವೆ ರೈಲಿಗೆ ಬಿಡುತ್ತಾರೆ. ಸರದಿ ತಪ್ಪಿದರೆ ಸುರಂಗದ ಬಾಯಲ್ಲಿ ಕಾಯಬೇಕು. ಅಷ್ಟರಲ್ಲಿ ದೋಣಿ ಕಾಯದೆ ಹೊರಟಿರುತ್ತದೆ.

ಆದರೆ ಅಲ್ಲಿಂದ ಹೊರಡುವ ದೋಣಿಗಳು ಓಡಾಡುವುದು ಪ್ರಿನ್ಸ್ ವಿಲಿಯಂ ಸೌಂಡ್ ಎಂಬ ಕೊಲ್ಲಿಯಲ್ಲಿ. ಸುತ್ತ ಬೆಟ್ಟ, ದ್ವೀಪಗಳ ಕೋಟೆ ಇರುವ ಆ ನೀರು ಬಹುಮಟ್ಟಿಗೆ ಕೆರೆಯ ಹಾಗೆ. ಒಂದೇ ದಿನದಲ್ಲಿ 26 ಹಿಮನದಿ ತೋರಿಸುವ ಪ್ರವಾಸವೂ ಉಂಟು. ‘ಧರ್ಮಸ್ಥಳ, ಕುಕ್ಕೆ, ಶೃಂಗೇರಿ, ಹೊರನಾಡು, ಒಂದೇ ಬಸ್ಸಲ್ಲಿ ಎಲ್ಲ ಮುಗಿಸಿದಂಗೆ’ ಎಂದು ಅಮ್ಮ ತಲೆದೂಗಿದರು.

ಮೇಷ್ಟ್ರು ಅಲ್ಲಿನ ಕಾಲೇಜ್ ಫಿಯರ್ಡ್ ಎಂಬ ಒಳಕೊಲ್ಲಿಯ ನಕಾಶೆ ಕಂಡು ಕರಗಿದರು. 1899ರಲ್ಲಿ ರೈಲ್ವೆ ಸಾಹುಕಾರ ಎಡ್ವರ್ಡ್ ಹ್ಯಾರಿಮನ್‌ಗೆ ವೈದ್ಯರು ವಿಶ್ರಾಂತಿ ಬೇಕು ಎಂದರಂತೆ. ಆತ ಹಡಗು ಹಿಡಿದು, ವಿಜ್ಞಾನಿಗಳು, ಕಲಾವಿದರ ದಂಡು ಕಟ್ಟಿಕೊಂಡು ಅಲಾಸ್ಕಾಕ್ಕೆ ಹೊರಟ. ಅವನ ವಿಶ್ರಾಂತಿಯ ಕಲ್ಪನೆಯೇ ಅಂಥದ್ದು. ದಂಡಿನಲ್ಲಿದ್ದವರು ಈ ಒಳಕೊಲ್ಲಿಯಲ್ಲಿ ಕಂಡ ಹಿಮನದಿಗಳಿಗೆ ಅಮೆರಿಕದ ಕಾಲೇಜುಗಳ ಹೆಸರಿಟ್ಟರು. ತುದಿಯಲ್ಲಿ ಹೆಡ್‌ಮಾಸ್ಟರಂತೆ ಹಾರ್ವರ್ಡ್, ಪಕ್ಕದಲ್ಲಿ ಯೇಲ್. ಒಂದು ದಡದಲ್ಲಿ ಸ್ಮಿತ್, ಬ್ರಿನ್ ಮಾರ್, ವೆಲ್ಲೆಸ್ಲಿ ಎಂದು ಹೆಣ್ಣುಮಕ್ಕಳ ಕಾಲೇಜುಗಳು, ಎದುರು ದಡದಲ್ಲಿ ಹುಡುಗರ ಕಾಲೇಜುಗಳು. ಪ್ರಾರ್ಥನೆಗೆ ಸಾಲು ನಿಲ್ಲಿಸಿದಂತಿದ್ದ ಆ ಶಿಸ್ತಿಗೆ ಮೇಷ್ಟ್ರು ಮನಸ್ಸಿನಲ್ಲೇ ಹತ್ತಕ್ಕೆ ಒಂಬತ್ತು ಕೊಟ್ಟರು.

‘ಆದ್ರೆ ಅಪ್ಪ, ಓರ್ಕಾ, ಪಫಿನ್ ಜಾಸ್ತಿ ಸಿಗೋದು ಸೂವರ್ಡ್ ಕಡೆ’ ಎಂದಳು ಮಗಳು. ತೊಡಕು ಇರುವುದೇ ಇಲ್ಲಿ. ಶಾಂತ ನೀರಿನ ಒಳಕೊಲ್ಲಿಗಳಲ್ಲಿ ಹಿಮನದಿಗಳು ಹತ್ತಿರ ಹತ್ತಿರ ಸಿಗುತ್ತವೆ. ತಿಮಿಂಗಿಲ, ಕಡಲ ಹಕ್ಕಿಗಳಿಗೆ ಬೇಕಾದದ್ದು ಮೀನು ತುಂಬಿದ ತೆರೆದ ಕಡಲಿನ ಅಂಚು. ಪ್ರಾಣಿ ಹೆಚ್ಚು ಬೇಕೆಂದರೆ ಅಲೆಯೂ ಹೆಚ್ಚು.

ಸೂವರ್ಡ್ ಆಂಕರೇಜ್‌ನಿಂದ ದಕ್ಷಿಣಕ್ಕೆ ಸುಮಾರು 200 ಕಿಲೋಮೀಟರ್. 1867ರಲ್ಲಿ 72 ಲಕ್ಷ ಡಾಲರ್ ಕೊಟ್ಟು ರಷ್ಯಾದಿಂದ ಅಲಾಸ್ಕಾ ಕೊಂಡ ವಿದೇಶಾಂಗ ಮಂತ್ರಿ ವಿಲಿಯಂ ಸೂವರ್ಡ್ ಹೆಸರಿನ ಊರು. ಎಕರೆಗೆ ಎರಡು ಸೆಂಟ್ ಬಿದ್ದ ಆ ವ್ಯಾಪಾರವನ್ನು ಅಂದಿನ ಟೀಕಾಕಾರರು ‘ಸೂವರ್ಡನ ಮೂರ್ಖತನ’ ಎಂದು ಗೇಲಿ ಮಾಡಿದರು. ಈಗ ಅದೇ ಐಸನ್ನು ದೂರದಿಂದ ನೋಡುವುದಕ್ಕೇ ತಲೆಗೆ ಇನ್ನೂರು ಡಾಲರಿನ ಆಸುಪಾಸು. ಅಮ್ಮ ಅದನ್ನು ರೂಪಾಯಿಗೆ ಗುಣಿಸಿ, ನಾಲ್ಕರಿಂದ ಮತ್ತೆ ಗುಣಿಸಿ, ಸೂವರ್ಡ್ ಮೂರ್ಖನಲ್ಲವೆಂದು ತೀರ್ಪಿತ್ತರು.

ಅಲ್ಲಿಯೂ ಮೂರು ಬಗೆ. ಮೂರು-ನಾಲ್ಕು ಗಂಟೆಯ ದೋಣಿ ರೆಸರೆಕ್ಷನ್ ಕೊಲ್ಲಿಯೊಳಗೇ ಸುತ್ತಿ ಬರುತ್ತದೆ. ಕಡಲಿಗೆ ಇಳಿಯುವ ಹಿಮನದಿಯ ಬುಡಕ್ಕೆ ಹೋಗುವುದಿಲ್ಲ. ಆರು ಗಂಟೆಯದು ತೆರೆದ ಕಡಲಿಗೆ ಇಳಿದು, ಕೀನೈ ಫಿಯರ್ಡ್ಸ್ ರಾಷ್ಟ್ರೀಯ ಉದ್ಯಾನದ ಐಯಾಲಿಕ್ ಅಥವಾ ಹೋಲ್ಗೇಟ್ ಹಿಮನದಿ ಮುಟ್ಟಿ ಬರುತ್ತದೆ. ಎಂಟು-ಒಂಬತ್ತು ಗಂಟೆಯದು ಇನ್ನೂ ಆಚೆ, ನಾರ್ತ್‌ವೆಸ್ಟರ್ನ್ ಫಿಯರ್ಡ್‌ವರೆಗೆ.

‘ರೆಸರೆಕ್ಷನ್ ಅಂದ್ರೆ?’ ಅಮ್ಮ ಕೇಳಿದರು. ಏಸುವಿನ ಪುನರುತ್ಥಾನ ಎಂದರು ಮೇಷ್ಟ್ರು. ಬಿರುಗಾಳಿಗೆ ಸಿಕ್ಕ ರಷ್ಯಾದ ವ್ಯಾಪಾರಿ ಬರಾನೊವ್ ಈಸ್ಟರ್ ಹೊತ್ತಿಗೆ ಈ ಕೊಲ್ಲಿಯಲ್ಲಿ ಆಸರೆ ಪಡೆದು ಆ ಹೆಸರಿಟ್ಟನೆಂದು ವಿವರಿಸಿದರು. ಅಮ್ಮ ಯೋಚಿಸಿದರು. ‘ಒಳಗೆ ಬಂದು ಮುಟ್ಟಿದ್ದಕ್ಕೇ ಸತ್ತು ಬದುಕಿದೆ ಅಂತ ಹೆಸರಿಟ್ಟಿದ್ದಾನಲ್ರೀ! ಹೊರಗಿನ ಸಮುದ್ರ ಹೆಂಗಿರಬೇಕು?’

ಅವರ ಕೈಯಲ್ಲಿ ಇನ್ನೊಂದು ಅಸ್ತ್ರವೂ ಇತ್ತು. ಅದೇ ಉದ್ಯಾನದಲ್ಲಿ ಎಕ್ಸಿಟ್ ಎಂಬ ಹಿಮನದಿಯಿದೆ. ಕಾರಿನಲ್ಲಿ ಹೋಗಿ, ಒಂದಿಷ್ಟು ನಡೆದರೆ ಕಾಣುತ್ತದೆ, ಪ್ರವೇಶ ಶುಲ್ಕವೂ ಇಲ್ಲ. ಹಿಮನದಿ ಯಾವ ವರ್ಷ ಎಲ್ಲಿಯವರೆಗೆ ಇತ್ತು ಎಂದು ದಾರಿಯುದ್ದಕ್ಕೂ ಫಲಕ ನೆಟ್ಟಿದ್ದಾರೆ. ಊರಿನ ಹೆಸರಿರಬೇಕಾದ ಕಡೆ ಇಸವಿ ಬರೆದ ಆ ಮೈಲಿಗಲ್ಲುಗಳನ್ನು ದಾಟಿ ಎಷ್ಟು ನಡೆದರೂ ಹಿಮನದಿ ಇನ್ನೂ ಹಿಂದಕ್ಕೇ ಸರಿದಿರುತ್ತದೆ. ‘ಅದು ಸಮುದ್ರಕ್ಕೆ ಬೀಳೋದಿಲ್ಲ ಕಣೇ’ ಎಂದರು ಮೇಷ್ಟ್ರು, 31 ವರ್ಷದ ದನಿಯಲ್ಲಿ. ಕೊನೆಗೆ ಆರು ಗಂಟೆಯ ದೋಣಿಗೆ ಒಪ್ಪಂದವಾಯಿತು. ಯಾರಿಗೂ ಪೂರ್ತಿ ಹಿಡಿಸದ ಕಾರಣ ಎಲ್ಲರಿಗೂ ಒಪ್ಪಿಗೆಯಾಯಿತು.

ಬೆಳಿಗ್ಗೆ ಅಳಿಯ ಉಪನ್ಯಾಸ ಕೊಟ್ಟ. ಹೊರಡುವ ಒಂದು ಗಂಟೆ ಮುಂಚೆಯೇ ಮಾತ್ರೆ ನುಂಗಬೇಕು, ಅಲುಗಾಟ ಕಡಿಮೆಯಿರುವ ನಡುಭಾಗದಲ್ಲಿ ಕೂರಬೇಕು, ಬಾನಂಚಿನ ಮೇಲೆ ಕಣ್ಣು ನೆಡಬೇಕು. ಚಾರ್ಲ್ಸ್ ಡಾರ್ವಿನ್ ಬೀಗಲ್ ಹಡಗಿನಲ್ಲಿ ಐದು ವರ್ಷ ವಾಂತಿ ಮಾಡಿಕೊಂಡೇ ಜಗತ್ತು ಸುತ್ತಿದ ಎಂದೂ ಸೇರಿಸಿದ. ಅತ್ತೆ ಎಲ್ಲವನ್ನೂ ಕೇಳಿಸಿಕೊಂಡು, ನಿಂಬೆ ಉಪ್ಪಿನಕಾಯಿಯ ಡಬ್ಬಿಯನ್ನು ಜಂಬದ ಚೀಲಕ್ಕೆ ಹಾಕಿಕೊಂಡರು.

ಬಂದರು ದಾಟುವ ಮೊದಲೇ ನೀರಿನ ಮೇಲೆ ಅಂಗಾತ ಮಲಗಿದ್ದ ಕಡಲ ನೀರುನಾಯಿ ಸಿಕ್ಕಿತು. ಎದೆಯ ಮೇಲೆ ಚಿಪ್ಪಿಟ್ಟುಕೊಂಡು ತಿನ್ನುತ್ತಿತ್ತು. ಅಮ್ಮನ ತವರು ಕಂಪ್ಲಿ. 2015ರಲ್ಲಿ ಅಲ್ಲಿನ ತುಂಗಭದ್ರೆಯ ಹರಿವನ್ನು ನೀರುನಾಯಿಗಳಿಗಾಗಿಯೇ ಸಂರಕ್ಷಿತವೆಂದು ಸರ್ಕಾರ ಘೋಷಿಸಿದೆ. ಅದಕ್ಕೂ ಮುಂಚಿನಿಂದ ಅಮ್ಮ ಅವುಗಳನ್ನು ಬಲ್ಲವರು. ‘ನಮ್ಮ ಕಡೆಯವು ಹಿಂಗೆ ಮಲಗಿ ತಿನ್ನಲ್ಲಪ್ಪ’ ಎಂದರು. ಮಗಳು ವಿವರಿಸಿದಳು: ಇದರ ಮೈಯಲ್ಲಿ ಚಳಿ ತಡೆಯುವ ಕೊಬ್ಬಿನ ಪದರವಿಲ್ಲ, ಪ್ರಾಣಿಲೋಕದಲ್ಲೇ ಅತಿ ದಟ್ಟವಾದ ತುಪ್ಪಳವೇ ಕಂಬಳಿ. ಮೈ ಬಿಸಿಯಿರಲು ದಿನಕ್ಕೆ ತನ್ನ ತೂಕದ ಕಾಲುಭಾಗದಷ್ಟು ತಿನ್ನಬೇಕು. ಅಂದರೆ ಅರವತ್ತು ಕಿಲೋ ತೂಗುವವರು ಹದಿನೈದು ಕಿಲೋ ಊಟ ಮಾಡಿದಂತೆ. ಅಮ್ಮ ಅಳಿಯನತ್ತ ನೋಡಲಿಲ್ಲ, ಆದರೂ ಅವನಿಗೆ ನೋಡಿದಂತೆ ಅನ್ನಿಸಿತು.

ಕೊಲ್ಲಿಯ ಬಾಯಿ ದಾಟಿದ ಮೇಲೆ ದೋಣಿ ಮಲೆನಾಡಿನ ರಸ್ತೆಯ ಬಸ್ಸಾಯಿತು. ಇಪ್ಪತ್ತು ನಿಮಿಷದೊಳಗೆ ಉಪನ್ಯಾಸಕಾರ ಕಾಗದದ ಚೀಲ ಹಿಡಿದು ಹಿಂಭಾಗದ ಕಂಬಿಗೆ ಆತುಕೊಂಡಿದ್ದ. ಅತ್ತೆ ಪಕ್ಕದಲ್ಲಿ ನಿಂತು ಉಪ್ಪಿನಕಾಯಿ ನೆಕ್ಕಿಸುತ್ತಿದ್ದರು. ಅವರಿಗೆ ಏನೂ ಆಗಿರಲಿಲ್ಲ.

ಅಷ್ಟರಲ್ಲಿ ಕ್ಯಾಪ್ಟನ್ ಧ್ವನಿವರ್ಧಕದಲ್ಲಿ ಕೂಗಿದ: ‘ಟೂ ಓ ಕ್ಲಾಕ್! ಹಂಪ್‌ಬ್ಯಾಕ್!’ ಜನರೆಲ್ಲ ಬಲಕ್ಕೆ ನುಗ್ಗಿದರು. ಅಮ್ಮ ವಾಚು ನೋಡಿದರು. ಹನ್ನೊಂದೂವರೆ. ಇನ್ನೂ ಎರಡೂವರೆ ಗಂಟೆ ಇದೆಯಲ್ಲ ಎಂದು ಒಳಗೆ ಹೋಗಿ ಚಿತ್ರಾನ್ನದ ಡಬ್ಬಿ ಬಿಚ್ಚಿದರು. ದೋಣಿಯ ಮೂತಿಯನ್ನು ಹನ್ನೆರಡೆಂದು ಹಿಡಿದರೆ ಬಲಮುಂದಿನ ದಿಕ್ಕು ಎರಡಾಗುತ್ತದೆ ಎಂದು ಮೇಷ್ಟ್ರು ಓಡಿಬಂದು ಹೇಳುವಷ್ಟರಲ್ಲಿ ತಿಮಿಂಗಿಲ ಬಾಲ ಎತ್ತಿ ಮುಳುಗಿತ್ತು. ಅದರ ಹಿಂದೆ ಓಡುವ ಹಾಗಿಲ್ಲ. ಅಲಾಸ್ಕಾದ ನೀರಿನಲ್ಲಿ ಹಂಪ್‌ಬ್ಯಾಕ್‌ನಿಂದ ನೂರು ಗಜ ದೂರ ಉಳಿಯಬೇಕೆಂಬುದು ಕಾನೂನು. ‘ಅದೇನು ಟೈಮ್ ಹೇಳೋದೋ, ಪಾಲಿಸೋದಿಲ್ಲ’ ಎಂದು ಅಮ್ಮ ತಿಮಿಂಗಿಲದ ಮೇಲೇ ತಪ್ಪು ಹೊರಿಸಿದರು.

ಓರ್ಕಾಗಳು ಮಾತ್ರ ಕೈಬಿಡಲಿಲ್ಲ. ಐದಾರು ಕಪ್ಪು ರೆಕ್ಕೆಗಳು ಒಂದರ ಹಿಂದೊಂದು ಎದ್ದವು. ಇವು ಮೀನು ತಿನ್ನುವ ಗುಂಪು ಎಂದ ಕ್ಯಾಪ್ಟನ್. ಸೀಲ್ ಹಿಡಿದು ತಿನ್ನುವ ಓರ್ಕಾಗಳದು ಬೇರೆಯೇ ಪಂಕ್ತಿ. ಕಡಲು ಒಂದೇ ಆದರೂ ಸಂಬಂಧ ಬೆಳೆಸುವುದಿಲ್ಲ. ಮೀನು ತಿನ್ನುವವುಗಳಲ್ಲಿ ಗಂಡುಮಕ್ಕಳೂ ಜೀವನಪೂರ್ತಿ ತಾಯಿಯ ಜೊತೆಗೇ ಇರುತ್ತಾರೆ, ಗುಂಪು ನಡೆಸುವುದು ಅಜ್ಜಿಯಂಥ ಹಿರಿಯಳು. ಇದನ್ನು ಮಗಳು ಕನ್ನಡಕ್ಕೆ ತಂದಾಗ ಅಮ್ಮ ಮೊದಲ ಸಲ ಕಂಬಿ ಹಿಡಿದು ಮುಂದಕ್ಕೆ ಬಾಗಿದರು.

ಚಿಸ್ವೆಲ್ ದ್ವೀಪಗಳ ಬಂಡೆಗಳ ಮೇಲೆ ಕಡಲ ಸಿಂಹಗಳು ಸಂತೆಯಲ್ಲಿ ಜಾಗಕ್ಕೆ ಜಗಳಾಡಿದಂತೆ ಅರಚುತ್ತಿದ್ದವು. ಪಫಿನ್‌ಗಳೂ ಬಂದವು, ಕಿತ್ತಳೆ ಕೊಕ್ಕು, ಗಿಡ್ಡ ರೆಕ್ಕೆ, ನಿಮಿಷಕ್ಕೆ ನಾನೂರರಷ್ಟು ಬಡಿತ. ಹೊಟ್ಟೆ ತುಂಬ ಮೀನು ತಿಂದದ್ದೊಂದು ನೀರಿನ ಮೇಲೆ ದಡಬಡ ಓಡಿ, ಹಾರಲಾಗದೆ ಮತ್ತೆ ನೀರಿಗೇ ಬಿತ್ತು. ಅಳಿಯ ಅರೆಕಣ್ಣಿನಲ್ಲೇ ಲೆನ್ಸ್ ಎತ್ತಿ ಎಪ್ಪತ್ತು ಫೋಟೋ ತೆಗೆದ. ಆಮೇಲೆ ನೋಡಿದರೆ, ಅರವತ್ತೆಂಟರಲ್ಲಿ ಬರೀ ಸಮುದ್ರವಿತ್ತು.

ಐಯಾಲಿಕ್ ಮುಂದೆ ಎಂಜಿನ್ ನಿಂತಿತು. ಸುಮಾರು ಒಂದು ಮೈಲಿ ಅಗಲದ ಗೋಡೆ. ಮೇಷ್ಟ್ರು ಮಾತಾಡಲಿಲ್ಲ. ಅದು ನೀಲಿಯಾಗಿತ್ತು. ಒತ್ತಿ ಒತ್ತಿ ಗಟ್ಟಿಯಾದ ಹಿಮ ಬೆಳಕಿನ ಕೆಂಪನ್ನು ಹೀರಿ ನೀಲಿಯನ್ನು ಹೊರಬಿಡುತ್ತದೆ. ಸಮುದ್ರವೋ, ಹಿಮನದಿ ಉಜ್ಜಿ ತಂದ ಕಲ್ಲಿನ ಹಿಟ್ಟು ಬೆರೆತು ತೆಳು ಮಜ್ಜಿಗೆಯ ಬಣ್ಣಕ್ಕಿತ್ತು. ಅವರು 31 ವರ್ಷ ಬೋರ್ಡಿನ ಮೇಲೆ ಹಿಮನದಿಗೆ ಬಿಳಿ ಸೀಮೆಸುಣ್ಣ, ಕಡಲಿಗೆ ನೀಲಿ ಸೀಮೆಸುಣ್ಣ ಬಳಸಿದ್ದರು. ‘ಉಲ್ಟಾ ಬರೆಸಿದೀನಿ’ ಎಂದು ಮೆಲ್ಲಗೆ ಹೇಳಿದರು. ಎಷ್ಟು ಮಕ್ಕಳ ನೋಟ್‌ಬುಕ್ ತಿದ್ದಬೇಕಾದೀತೆಂದು ಲೆಕ್ಕ ಹಾಕುತ್ತಿದ್ದಂತಿತ್ತು.

ತೇಲುವ ಗಡ್ಡೆಗಳ ಮೇಲೆ ಸೀಲ್‌ಗಳು ಮರಿಗಳೊಂದಿಗೆ ಮಲಗಿದ್ದವು. ನೀರಿನಿಂದ ಚಟಪಟ ಸದ್ದು. ಹಳೇ ಹಿಮದೊಳಗೆ ಸಿಕ್ಕಿಕೊಂಡ ಗಾಳಿಯ ಗುಳ್ಳೆಗಳು ಕರಗುವಾಗ ಸಿಡಿಯುತ್ತವೆ ಎಂದು ಕ್ಯಾಪ್ಟನ್ ಹೇಳುವ ಮೊದಲೇ ಅಮ್ಮ ಪತ್ತೆ ಹಚ್ಚಿದ್ದರು: ‘ಸಾಸಿವೆ ಸಿಡಿದಂಗಿದೆ.’ ಆಗಲೇ ಗೋಡೆಯ ಎಡಗಡೆ ಒಂದು ಕಂಬ ವಾಲಿ, ಸದ್ದಿಲ್ಲದೆ ಕುಸಿಯಿತು. ಒಂದು ಕ್ಷಣ ಬಿಟ್ಟು ಗುಡುಗು ಬಂತು. ‘ಸದ್ದು ಸೆಕೆಂಡಿಗೆ 340 ಮೀಟರ್...’ ಎಂದು ಮೇಷ್ಟ್ರು ದೂರ ಲೆಕ್ಕ ಹಾಕಲು ಶುರುಮಾಡಿ, ಅರ್ಧಕ್ಕೇ ಬಿಟ್ಟರು.

ಸಿಬ್ಬಂದಿಯ ಹುಡುಗನೊಬ್ಬ ಬಲೆಯಲ್ಲಿ ಒಂದು ಗಡ್ಡೆ ಎತ್ತಿ ಎಲ್ಲರಿಗೂ ಮುಟ್ಟಲು ಕೊಟ್ಟ. ಗಾಜಿನಂತೆ ಪಾರದರ್ಶಕ. ಅದರ ಒಂದು ಚೂರು ಅಮ್ಮನ ಸ್ಟೀಲ್ ಫ್ಲಾಸ್ಕ್ ಸೇರಿತು. ಆ ರಾತ್ರಿ ಸೂರ್ಯ ಇನ್ನೂ ಕಿಟಕಿಯಲ್ಲಿರುವಾಗ, ಅದರ ನೀರಿನಲ್ಲಿ ದಾವಣಗೆರೆಯಿಂದ ತಂದ ಪುಡಿಯ ಡಿಕಾಕ್ಷನ್ ಇಳಿಯಿತು. ಮೇಷ್ಟ್ರು ಮೊದಲ ಗುಟುಕು ಕುಡಿದು ಲೋಟದೊಳಗೆ ಇಣುಕಿದರು.

‘ಉಪ್ಪುಪ್ಪು ಅಲ್ವಾ?’ ಎಂದರು ಅಮ್ಮ.

‘ಸಾಧ್ಯವಿಲ್ಲ. ಹಿಮನದಿಯದು ಸಿಹಿನೀರು. ಪಠ್ಯಪುಸ್ತಕದಲ್ಲೇ ಇದೆ.’

‘ಸಮುದ್ರದಿಂದ ಎತ್ತಿದ್ದನ್ನ ತೊಳೀಬೇಕು ಅಂತ ಪಠ್ಯಪುಸ್ತಕದಲ್ಲಿ ಇರ್ಲಿಲ್ವಾ?’ ಎಂದು ಅಮ್ಮ ತಮ್ಮ ಲೋಟವನ್ನು ಅಳಿಯನ ಕಡೆಗೆ ಸರಿಸಿದರು.