ಔದಾಸೀನ್ಯ ರಸನಿರ್ಣಯ

ಉತ್ಸಾಹವು ವೀರರಸದ ಸ್ಥಾಯಿಭಾವವೆಂದು ನಮ್ಮ ಆಲಂಕಾರಿಕರು ಎಂದೋ ಗೊತ್ತುಮಾಡಿಟ್ಟರು. ಪಾಪದ ಔದಾಸೀನ್ಯಕ್ಕೆ ಮಾತ್ರ ಒಂದು ರಸವನ್ನೂ ದಯಪಾಲಿಸಲಿಲ್ಲ. ಶಾಂತರಸವಿದೆಯಲ್ಲ ಎನ್ನಬೇಡಿ. ಅದು ಸಂಸಾರ ಬೇಡವೆಂದು ಕಾಡಿಗೆ ಹೋದವನದು. ಪಾಠ ಬೇಡವೆಂದು ಹಿಂದಿನ ಬೆಂಚಿಗೆ ಹೋದವನ ಗತಿಯೇನು? ಭರತಮುನಿಯ ಕಾಲದಲ್ಲಿ ಕಾಲೇಜುಗಳಿರಲಿಲ್ಲವಾಗಿ ಅವನನ್ನು ದೂರುವಂತಿಲ್ಲ. ಲೋಪವನ್ನು ನಾವೇ ತುಂಬತಕ್ಕದ್ದು.

ಈ ರಸದ ಪರಿಪಾಕ ಕಾಣಬೇಕಾದರೆ ಹತ್ತೊಂಬತ್ತನೆಯ ಶತಮಾನದ ಅಮೆರಿಕಕ್ಕೆ, ಅದರಲ್ಲೂ ಯೇಲ್ ಮತ್ತು ಹಾರ್ವರ್ಡ್ ಎಂಬ ಪುಣ್ಯಕ್ಷೇತ್ರಗಳಿಗೆ ಹೋಗಬೇಕು. ಅಲ್ಲಿ ಆಲಂಬನ ವಿಭಾವ, ಯೂಕ್ಲಿಡ್‌ನ ರೇಖಾಗಣಿತದ ಪುಸ್ತಕ. ಉದ್ದೀಪನ ವಿಭಾವ, ಬೆಳಗಿನ ಕಡ್ಡಾಯ ಪ್ರಾರ್ಥನೆಯ ಗಂಟೆ. ಅನುಭಾವ, ಆಕಳಿಕೆ. ಸಂಚಾರಿ ಭಾವಗಳು ಹೆಸರಿಗೆ ತಕ್ಕಂತೆ ಕ್ಲಾಸಿನ ಹೊರಗೇ ಸಂಚರಿಸುತ್ತಿದ್ದವು.

ಪೂರ್ವಪಕ್ಷದವರು ಕೇಳುತ್ತಾರೆ: ಉದಾಸೀನನೆಂದರೆ ಸುಮ್ಮನೆ ಕೂತವನು, ಸುಮ್ಮನೆ ಕೂತವನಲ್ಲಿ ರಸವೆಲ್ಲಿ? ಸಮಾಧಾನ: ಸುಮ್ಮನೆ ಕೂತ ಉದಾಸೀನ ಒಬ್ಬನೂ ನಮಗೆ ಸಿಕ್ಕಿಲ್ಲ. ಯೇಲ್‌ನಲ್ಲಿ ಯೂಕ್ಲಿಡ್ ಪಾಠ ಮುಗಿಸಿದ ಎರಡನೆಯ ವರ್ಷದವರು ಆ ಪುಸ್ತಕಕ್ಕೆ ವಿಧಿಪೂರ್ವಕ ಉತ್ತರಕ್ರಿಯೆ ಮಾಡುತ್ತಿದ್ದರು. ಮೊದಲು ಕಾದ ಸಲಾಕೆಯಿಂದ ಪುಸ್ತಕಕ್ಕೆ ತೂತು ಕೊರೆಯುವುದು. ಅಲ್ಲಿಗೆ ಯೂಕ್ಲಿಡ್ಡನ್ನು ಒಳಹೊಕ್ಕು ನೋಡಿದ್ದಾಯಿತು. ಆಮೇಲೆ ಸಾಲಾಗಿ ಅದರ ಮೇಲೆ ಕಾಲಿಟ್ಟು ನಡೆಯುವುದು. ಅಲ್ಲಿಗೆ ಆದ್ಯಂತ ದಾಟಿದ್ದೂ ಆಯಿತು. (ಪುಸ್ತಕಕ್ಕೆ ಕಾಲು ತಗುಲಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ನಮ್ಮಂಥವರು ಈ ವಾಕ್ಯವನ್ನು ಬರೆಯುವಾಗಲೂ ಒಮ್ಮೆ ಒತ್ತಿಕೊಂಡೆವು.) ಕೊನೆಗೆ ವೇಷ, ಪಂಜಿನ ಮೆರವಣಿಗೆ, ಚರಮಭಾಷಣ, ಚರಮಗೀತೆ. ಇಷ್ಟೆಲ್ಲ ಏರ್ಪಾಟಿಗೆ ವ್ಯಯವಾದ ರಾತ್ರಿಗಳಲ್ಲಿ ಎಷ್ಟು ಪ್ರಮೇಯಗಳನ್ನು ಕಲಿಯಬಹುದಿತ್ತೆಂಬ ಲೆಕ್ಕವನ್ನು ಯಾರೂ ಮಾಡಿದಂತಿಲ್ಲ. ಲೆಕ್ಕವೇ ಅವರಿಗೆ ಬೇಡವಾಗಿತ್ತಷ್ಟೆ.

1830ರಲ್ಲಿ ಇದೇ ಯೇಲ್‌ನಲ್ಲಿ ಶಂಕುಚ್ಛೇದಗಳ ಪರೀಕ್ಷೆ ಬಂತು. ಪುಸ್ತಕದ ಚಿತ್ರ ನೋಡಿಕೊಂಡು ವಿವರಿಸುವ ರೂಢಿ ಬಿಟ್ಟು ಕಪ್ಪುಹಲಗೆಯ ಮೇಲೆ ನೆನಪಿನಿಂದ ಬರೆಯಿರೆಂದು ಅಪ್ಪಣೆಯಾಯಿತು. ಹುಡುಗರು ಕೂಡಿ ಒಲ್ಲೆವೆಂದರು. ನಲವತ್ತಕ್ಕೂ ಹೆಚ್ಚು ಮಂದಿಯನ್ನು ಕಾಲೇಜಿನಿಂದ ಹೊರಹಾಕಲಾಯಿತು. ಒಂದು ಪರವಲಯಕ್ಕಾಗಿ ಪದವಿಯನ್ನೇ ಬಿಟ್ಟುಕೊಡುವುದು ಸಾಮಾನ್ಯ ಉದಾಸೀನರಿಗೆ ಸಾಧ್ಯವಿಲ್ಲ. ಇಲ್ಲಿ ನಮ್ಮ ರಸ ವೀರದ ಗಡಿಯನ್ನು ಮುಟ್ಟಿದೆ.

ಹಾರ್ವರ್ಡಿನದು ಇನ್ನೂ ನಯವಾದ ಮಾರ್ಗ. ಯಾವುದಕ್ಕೂ ಹುಬ್ಬೇರಿಸದಿರುವುದು ಅಲ್ಲಿನ ಕುಲಧರ್ಮವೆಂದು ಪ್ರಸಿದ್ಧಿ. ಆ ಕುಲದ ಸುಮಾರು ಅರವತ್ತು ಮಂದಿ 1882ರ ಜನವರಿಯಲ್ಲಿ ಬಾಸ್ಟನ್‌ನಲ್ಲಿ ಸೌಂದರ್ಯೋಪಾಸಕ ಲೇಖಕ ಆಸ್ಕರ್ ವೈಲ್ಡ್‌ನ ಉಪನ್ಯಾಸಕ್ಕೆ ಬಂದರು. ಅವನನ್ನು ಅಣಕಿಸಲೆಂದು ಅವನಂತೆಯೇ ಮಂಡಿಯವರೆಗಿನ ಚಡ್ಡಿ, ಉದ್ದನೆಯ ಕಾಲುಚೀಲ, ಕೈಯಲ್ಲಿ ಸೂರ್ಯಕಾಂತಿ. ವೈಲ್ಡ್‌ಗೆ ಸುಳಿವು ಮೊದಲೇ ಸಿಕ್ಕಿತ್ತು. ಎಲ್ಲರಂತೆ ಸಾದಾ ಉಡುಪಿನಲ್ಲಿ ವೇದಿಕೆಗೆ ಬಂದ. ಅಂದು ಸಭೆಯಲ್ಲಿ ನಿಜವಾದ ಉದಾಸೀನನಿದ್ದರೆ ಅವನೊಬ್ಬನೇ.

1886ರಲ್ಲಿ ಅಧ್ಯಕ್ಷ ಎಲಿಯಟ್‌ನ ಆಡಳಿತದಲ್ಲಿ ಹಾರ್ವರ್ಡಿನ ಪ್ರಾರ್ಥನೆಗೆ ಕಡ್ಡಾಯ ತಪ್ಪಿತು. ಪಾಠಗಳನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವನ್ನೂ ಆತ ಬೆಳೆಸಿದ್ದ. ಉದ್ದೀಪನ ವಿಭಾವವೇ ಹೋದ ಮೇಲೆ ರಸ ಹುಟ್ಟುವುದೆಲ್ಲಿಂದ? ಬೇಡವೆನ್ನಲು ಯಾರಾದರೂ ಬೇಕೆಂದು ಒತ್ತಾಯಿಸಬೇಕಲ್ಲವೆ? ಸುಧಾರಕರಿಗೆ ರಸಜ್ಞತೆ ಕಡಮೆ.

ಒಂದು ಆಕ್ಷೇಪ ಉಳಿದಿದೆ. 1828ರಿಂದ 31ರವರೆಗೆ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿದ್ದ ಚಾರ್ಲ್ಸ್ ಡಾರ್ವಿನ್ ಓದಿಗೆ ಉದಾಸೀನ, ಜೀರುಂಡೆಗೆ ಪ್ರಾಣ. ಎರಡು ಕೈಯಲ್ಲೂ ಒಂದೊಂದು ಜೀರುಂಡೆ ಇದ್ದಾಗ ಮೂರನೆಯದು ಕಂಡು, ಒಂದನ್ನು ಬಾಯಿಗೆ ಹಾಕಿಕೊಂಡ. ಅದು ಕಾರಿದ ರಸಕ್ಕೆ ನಾಲಗೆ ಸುಟ್ಟು ಉಗುಳಿದ. (ರಸಾಸ್ವಾದಕ್ಕೆ ಇದಕ್ಕಿಂತ ನೇರವಾದ ಪ್ರಮಾಣ ಶಾಸ್ತ್ರಗಳಲ್ಲಿಲ್ಲ.) ಇಲ್ಲಿಯವರೆಗೆ ನಮಗೆ ಅನುಕೂಲವೇ. ಆದರೆ ಯೂಕ್ಲಿಡ್ ತನಗೆ ಬಹಳ ಸಂತೋಷ ಕೊಟ್ಟಿತೆಂದು ಅದೇ ಡಾರ್ವಿನ್ ಮುಪ್ಪಿನಲ್ಲಿ ಬರೆದಿಟ್ಟಿದ್ದಾನೆ. ಆಲಂಬನ ವಿಭಾವವೇ ಕೈಕೊಟ್ಟಿತಲ್ಲ, ಸಿದ್ಧಾಂತ ನಿಲ್ಲುವುದು ಹೇಗೆಂದು ಯಾರಾದರೂ ಎದ್ದುನಿಂತು ಕೇಳಬಹುದು.

ಕೇಳುವವನು ಖಂಡಿತ ಮುಂದಿನ ಬೆಂಚಿನವನು.