ಎಣ್ಣೆಯ ಪದಮೂಲ ಹೇಳುವ ಸುಲಭ ವಿಧಾನ

ಶ್ರೀರಂಗಪಟ್ಟಣದಿಂದ ನಾಗಮಂಗಲದವರೆಗೆ ಯಾವ ಬಾರಾದರೂ ನಡೆಯುತ್ತದೆ. ಟೇಬಲ್ಲಿಗೆ ಮೂವರಿರಲಿ, ನಿಘಂಟು ಬೇಡ. ಮೊದಲ ಸುತ್ತಿನಲ್ಲಿ ಬಾಯಿ ಬಿಡಬೇಡಿ. ಪದಮೂಲ ಹೊಳೆಯುವುದು ಎರಡನೆಯದರಲ್ಲಿ.

ಶ್ರೀರಂಗಪಟ್ಟಣದಲ್ಲಿ ಕೂತಿದ್ದರೆ ‘ಗುಂಡು’ ಎತ್ತಿಕೊಳ್ಳಿ. 1799ರಲ್ಲಿ ಇಂಗ್ಲಿಷರು ಕೋಟೆಗೆ ಹೊಡೆದ ಫಿರಂಗಿ ಗುಂಡಿನಿಂದಲೇ ‘ಗುಂಡು ಹಾಕುವುದು’ ಹುಟ್ಟಿತೆಂದು ಹೇಳಿ. ಟಿಪ್ಪು ಮದ್ಯ ನಿಲ್ಲಿಸಲು ಹೊರಟಿದ್ದನಲ್ಲ ಎಂದು ಯಾರಾದರೂ ತಗಾದೆ ತೆಗೆದರೆ, ‘ಅದ್ಕೇ ಕಣಣ್ಣ, ಜನ ಗುಟ್ಟಾಗಿ ಹೆಸರಿಟ್ಕೊಂಡ್ರು’ ಅನ್ನಿ.

ಪಾಂಡವಪುರದಲ್ಲಿ ಕೆಲಸ ಇನ್ನೂ ಸಲೀಸು. ಹೈದರ್, ಟಿಪ್ಪು ಕಾಲದ ಫ್ರೆಂಚ್ ಸಿಪಾಯಿಗಳ ಬಿಡಾರದಿಂದ ಆ ಊರಿಗೆ ಫ್ರೆಂಚ್ ರಾಕ್ಸ್ ಎಂಬ ಹೆಸರಿತ್ತು. ಬ್ರಾಂದಿಯನ್ನು ಅವರ ಲೆಕ್ಕಕ್ಕೆ ಬರೆಯಿರಿ. ಅದು ‘ಸುಟ್ಟ ವೈನು’ ಎಂಬ ಡಚ್ಚರ ಮಾತು ಎನ್ನುವವನನ್ನು ಪಕ್ಕದ ಟೇಬಲ್ಲಿಗೆ ಸಾಗಹಾಕಿ. ಊರೇ ಹೆಸರು ಬದಲಾಯಿಸಿಕೊಂಡಿರುವಾಗ ಬ್ರಾಂದಿಗೇನು ದಾಡಿ?

ಕೆ.ಆರ್.ಪೇಟೆಯಲ್ಲಿ ಕಬ್ಬಿನ ಲಾರಿ ಹಾಯುವವರೆಗೆ ಕಾಯಿರಿ. ರಮ್ಮಿಗೆ ‘ರಮಿಸು’ ಮೂಲ ಎಂದುಬಿಡಿ. ರಮ್ಮು ಕಬ್ಬಿನ ಕಾಕಂಬಿಯಿಂದ ಬರುವುದಂತೂ ನಿಜ. ಒಂದು ನಿಜ ಬೆರೆಸಿದರೆ ಮಿಕ್ಕಿದ್ದು ತಾನೇ ನಿಲ್ಲುತ್ತದೆ.

ನಾಗಮಂಗಲದಲ್ಲಿ ಸಾರಾಯಿಯನ್ನು ‘ಸಾರಿ’ನಿಂದ ಇಳಿಸಿ. ಸೊಪ್ಪು ಬೇಯಿಸಿ ಬಸಿದರೆ ಬಸ್ಸಾರು, ಬೆಲ್ಲದ ಕೊಳೆ ಕಾಯಿಸಿ ಇಳಿಸಿದರೆ ಸಾರಾಯಿ. ಮುದ್ದೆ ಉಂಡವರು ಇದನ್ನು ಪ್ರಶ್ನಿಸುವುದಿಲ್ಲ.

ಅಪಾಯ ಬರುವುದು ಮೇಷ್ಟ್ರಿಂದ. ‘ಅರಕ್’ ಎಂದರೆ ಅರಬ್ಬಿಯಲ್ಲಿ ಬೆವರು, ಬಟ್ಟಿಯ ಕೊಳವೆ ಹನಿಹನಿಯಾಗಿ ಬೆವರುವುದರಿಂದ ಆ ಹೆಸರು ಎಂದು ಅವರು ಶುರು ಮಾಡುತ್ತಾರೆ. ಅದೇ ಪದ ತುರ್ಕಿಯಲ್ಲಿ ರಾಕಿ, ಮಂಗೋಲಿಯಾದಲ್ಲಿ ಆರ್ಖಿ, ಇಂಡೋನೇಷ್ಯಾದಲ್ಲಿ ಅರಾಕ್, ಇಂಗ್ಲಿಷರ ಬಾಯಲ್ಲಿ ಆರ‍್ಯಾಕ್ ಆಗಿದೆ. ಅವರು ಹೇಳುವುದೆಲ್ಲ ಸರಿ. ಆದ್ದರಿಂದಲೇ ಮಾತು ಕತ್ತರಿಸಿ. ‘ಬೆವರು ಬೇಕಾದ್ರೆ ಗದ್ದೇಲೇ ಐತಲ್ಲ ಸಾ, ದುಡ್ಡು ಕೊಟ್ಟು ಕುಡೀಬೇಕಾ?’ ಎಂದು ಕೇಳಿ. ಆಗಲೂ ಬಗ್ಗದಿದ್ದರೆ ಸಂಸ್ಕೃತಕ್ಕೆ ಹಾರಿ. ‘ಅರ್ಕ’ ಎಂದರೆ ಸೂರ್ಯ. ಕುಡಿದವನ ಕಣ್ಣು ಕೆಂಪಾಗುವುದೇ ಸೂರ್ಯೋದಯ. ನಗು ಏಳುವಷ್ಟರಲ್ಲಿ ಬಿಲ್ಲನ್ನು ಮೇಷ್ಟ್ರ ಕಡೆ ಸರಿಸಿ.

ಮನೆಗೆ ಒಯ್ಯುವಾಗ ಮಾತ್ರ ಕೌಂಟರಿನಲ್ಲಿ ಸಾರಾಯಿ ಎನ್ನಬೇಡಿ. 2007ರ ಜುಲೈ 1ರಿಂದ ರಾಜ್ಯದಲ್ಲಿ ಅದನ್ನು ಮಾರುವಂತಿಲ್ಲ. ‘ನೈಂಟಿ’ ಅನ್ನಿ. ಅದರ ಪದಮೂಲ ಪ್ಯಾಕೆಟ್ಟಿನ ಮೇಲೇ ಅಚ್ಚಾಗಿದೆ: 90 ಮಿ.ಲೀ.