ನೋಟ ಬಡಿಸುವ ಕಾಕಾ

ಪ್ರಕೃತಿಸೌಂದರ್ಯವನ್ನು ನೋಡಿ ಆನಂದಪಡುವವರ ಕುರಿತು ನಮ್ಮಲ್ಲಿ ಬೇಕಾದಷ್ಟು ಬರೆದವರಿದ್ದಾರೆ. ಆದರೆ ಅದನ್ನು ಪರರಿಗೆ ತೋರಿಸಿ ಆನಂದಪಡುವ, ಅಷ್ಟೇ ಅಲ್ಲ, ಪರರು ಅದನ್ನು ಸಾಕಷ್ಟು ನೋಡಿದರೋ ಇಲ್ಲವೋ ಎಂದು ಅವರ ಮುಖವನ್ನೇ ದಿಟ್ಟಿಸುತ್ತ, ತಮ್ಮ ಬೆನ್ನನ್ನು ಗುಡ್ಡಕ್ಕೆ ಕೊಟ್ಟು ನಿಲ್ಲುವ ಮಹನೀಯರ ಮೇಲೆ ಯಾರೂ ಲೇಖನಿಯೆತ್ತಿದಂತೆ ಕಾಣುವುದಿಲ್ಲ. ಈ ಪಂಗಡದವರು ಕನ್ನಡನಾಡಿನ ಯಾವ ತಾಲೂಕಿನಲ್ಲಿಯೂ ಇಲ್ಲದಿಲ್ಲ. ಆದರೂ ಮಲಪ್ರಭೆಯ ಇಕ್ಕೆಲಗಳ ಎರೆಯ ಸೀಮೆಯಲ್ಲಿ, ಅದರಲ್ಲಿಯೂ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ನಡುವಣ ಭೂಭಾಗದಲ್ಲಿ, ಅವರ ಸಂತತಿ ಹುಲುಸಾಗಿದೆಯೆಂಬುದು ನನ್ನ ಅನುಭವ. ನನ್ನ ಮಡದಿಯ ತವರು ಆ ಕಡೆಯದಾದುದರಿಂದ ಈ ಅನುಭವವು ನಾನು ಅಪೇಕ್ಷಿಸದೆಯೇ ಲಭಿಸಿತು.

ನಾನು ಬಲ್ಲ ಮಾದರಿಯು ಆಕೆಯ ಚಿಕ್ಕಪ್ಪ. ಓಣಿಗೆಲ್ಲ ಅವರು ಕಾಕಾ. ನೌಕರಿಯಿಂದ ನಿವೃತ್ತರಾಗಿ, ಹೊಲವನ್ನು ಮಗನ ಕೈಗೆ ಕೊಟ್ಟು, ಮಗನು ಅದನ್ನು ಕೋರಿನವರ ಕೈಗೆ ಕೊಟ್ಟು, ಹೀಗೆ ಎರಡು ಬಗೆಯಲ್ಲಿ ನಿಶ್ಚಿಂತರಾದ ಮೇಲೆ ಅವರಿಗೆ ಉಳಿದ ಆಸ್ತಿಯೆಂದರೆ ಸುತ್ತಮುತ್ತಲಿನ ದೃಶ್ಯಗಳು. ಬಿಳಿಯ ಟೋಪಿ, ನೆಹರೂ ಶರ್ಟು, ಧೋತರ, ಹನ್ನೆರಡು ತಿಂಗಳೂ ಕೈಯಲ್ಲೊಂದು ಛತ್ರಿ. ಆ ಛತ್ರಿಯು ಮಳೆಗಾಗಲಿ ಬಿಸಿಲಿಗಾಗಲಿ ಬಿಚ್ಚಿಕೊಂಡದ್ದನ್ನು ನಾನು ಕಂಡಿಲ್ಲ. ಅದರ ತುದಿಯ ಕಬ್ಬಿಣದ ಮೊನೆಯು ಕಿತ್ತೂರ ಕೋಟೆಯಿಂದ ಎಲ್ಲಮ್ಮನ ಗುಡ್ಡದವರೆಗಿನ ಸಕಲ ಚರಾಚರಗಳನ್ನು ತೋರಿಸುವುದರಲ್ಲಿಯೇ ಸವೆದು ಮೊಂಡಾಗಿತ್ತು.

ಆ ಕಡೆಯ ಊಟದ ಪದ್ಧತಿಯನ್ನು ಬಲ್ಲವರಿಗೆ ಕಾಕಾ ಅವರ ಸ್ವಭಾವವನ್ನು ತಿಳಿಯುವುದು ಕಷ್ಟವಲ್ಲ. ಅಲ್ಲಿ ಅಳಿಯನಾದವನು ‘ಸಾಕು’ ಎಂದರೆ ಅದನ್ನು ಯಾರೂ ಉತ್ತರವೆಂದು ಗಣಿಸುವುದಿಲ್ಲ. ಎಲೆಯ ಮೇಲೆ ಎರಡೂ ಕೈಗಳನ್ನು ಅಡ್ಡ ಹಿಡಿದರೆ ಬೆರಳುಗಳ ಸಂದಿಯಿಂದಲೇ ಶೇಂಗಾ ಹೋಳಿಗೆ ಇಳಿಯುತ್ತದೆ. ‘ನನ್ನಾಣಿ, ಇನ್ನೊಂದಽ ಒಂದು’ ಎಂಬ ಮಾತಿಗೆ ಅಂತ್ಯವೆಂಬುದಿಲ್ಲ. ಕಾಕಾ ಅವರು ದೃಶ್ಯಗಳನ್ನು ಬಡಿಸುವುದೂ ಇದೇ ವಿಧಿಯಿಂದ. ಕಣ್ಣು ತುಂಬಿತೆಂದು ಅತಿಥಿಯು ಹಿಂದಿರುಗಿ ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಛತ್ರಿಯ ಡೊಂಕು ಹಿಡಿಕೆಯು ಅವನ ಮೊಣಕೈಗೆ ಸಿಕ್ಕುತ್ತದೆ. ‘ಎಲ್ಲಿ ಹೊಂಟ್ರಿ ಅಳಿಯಾರ? ಈ ಮೂಲಿಯಿಂದ ನೋಡಽ ಇಲ್ಲ. ಇನ್ನೊಂದೀಟು ನೋಡ್ರಿ, ನನ್ನಾಣಿ!’ ಆಣೆಯಿಟ್ಟ ಮೇಲೆ ನೋಡದಿರುವುದುಂಟೆ?

ಎಳ್ಳ ಅಮಾವಾಸ್ಯೆ ಮುಗಿದು ಬಿಳಿಜೋಳವು ಮೊಣಕಾಲು ಮೀರಿ ಬೆಳೆದಿದ್ದ ದಿನಗಳಲ್ಲಿ, ಒಂದು ಬಾಡಿಗೆಯ ಕಾರನ್ನು ಗೊತ್ತುಮಾಡಿಕೊಂಡು, ಸಜ್ಜೆಯ ರೊಟ್ಟಿ, ಎಣ್ಣೆಗಾಯಿ, ಗಟ್ಟಿ ಮೊಸರುಗಳ ಗಂಟನ್ನು ಹಿಂದಿನ ಡಿಕ್ಕಿಗೇರಿಸಿ, ಕಾಕಾ ನನ್ನನ್ನು ಪ್ರವಾಸಕ್ಕೆ ಹೊರಡಿಸಿದರು. ಚಾಲಕನು ತರುಣ, ಮಿತಭಾಷಿ; ಪ್ರತಿಯೊಂದು ಪ್ರೇಕ್ಷಣೀಯ ಸ್ಥಳವನ್ನು ತಲುಪಿದೊಡನೆ ಆಸನವನ್ನು ಹಿಂದಕ್ಕೆ ಬಾಗಿಸಿ ನಿದ್ರೆಹೋಗುವುದು ಅವನ ಕ್ರಮ. ಕಾಕಾ ಅವರೊಡನೆ ಅವನು ಹಿಂದೆಯೂ ಪ್ರಯಾಣಮಾಡಿದ್ದನೆಂದು ನನಗೆ ಆಮೇಲೆ ತಿಳಿಯಿತು. ಕಾಕಾ ಅವರ ಊರಾದ ಬೈಲಹೊಂಗಲವನ್ನು ಬಿಡುವ ಮುನ್ನ ರಾಣಿ ಚೆನ್ನಮ್ಮನ ಸಮಾಧಿಯ ಮುಂದೆ ಕಾರು ನಿಂತಿತು. ಸೆರೆಯಲ್ಲಿಯೇ 1829ರಲ್ಲಿ ತೀರಿಕೊಂಡ ಆ ಮಹಾತಾಯಿಯ ಎದುರಿನಲ್ಲಿ ಮಾತ್ರ ಕಾಕಾ ಟೋಪಿಯನ್ನು ತೆಗೆದು, ಛತ್ರಿಯನ್ನು ಕಂಕುಳಲ್ಲಿ ಅಡಗಿಸಿ, ಏನನ್ನೂ ತೋರಿಸದೆ ಕೈಮುಗಿದರು. ‘ಅವ್ವಾರಿಗೆ ಹೇಳಿ ಹೋಗೂದು ಛಲೋ’ ಎಂದಷ್ಟೇ ಹೇಳಿ ಕಾರನ್ನೇರಿದರು.

ಕಿತ್ತೂರು ಈಗ ಪ್ರತ್ಯೇಕ ತಾಲೂಕು. ಸರಕಾರವು ಮಾಡಿದ ಈ ವಿಭಜನೆಯನ್ನು ಕಾಕಾ ಮನಸಾ ಒಪ್ಪಿದವರಲ್ಲ. ಕೋಟೆಯ ಅಗಸೆಯನ್ನು ದಾಟುವಾಗ ಅವರ ನಡಿಗೆಯಲ್ಲಿ ಮನೆಯ ಪಡಸಾಲೆಯನ್ನು ಹೊಗುವ ಸಲಿಗೆಯೇ ಇತ್ತು. 1824ನೆಯ ಅಕ್ಟೋಬರ 23ರಂದು ಧಾರವಾಡದ ಕಲೆಕ್ಟರನೂ ಪೊಲಿಟಿಕಲ್ ಏಜಂಟನೂ ಆದ ಥ್ಯಾಕರೆಯು ತೋಪುಗಳೊಡನೆ ಬಂದು ನಿಂತದ್ದೆಲ್ಲಿ, ಬಾಗಿಲು ತೆರೆದದ್ದೆಲ್ಲಿ, ಅಮಟೂರ ಬಾಳಪ್ಪನ ಗುಂಡು ಹಾರಿದ್ದೆಲ್ಲಿ ಎಂಬುದನ್ನು ಅವರು ಪಂಚಾಂಗ ಓದುವಷ್ಟು ಖಚಿತವಾಗಿ ಹೇಳುತ್ತ ಹೋದರು. ಥ್ಯಾಕರೆಯ ಪಾತ್ರಕ್ಕೆ ನನ್ನನ್ನೇ ನಿಲ್ಲಿಸಿದ್ದರಿಂದ ಛತ್ರಿಯ ಮೊನೆಯು ಅನೇಕ ಸಲ ನನ್ನ ಎದೆಗೆ ಗುರಿಯಾಯಿತು. ಆ ಥ್ಯಾಕರೆಯು ಇಂಗ್ಲಿಷ್ ಕಾದಂಬರಿಕಾರನಾದ ಥ್ಯಾಕರೆಗೆ ಸ್ವಂತ ಚಿಕ್ಕಪ್ಪನೆಂದು ನಾನು ನನ್ನ ಪಾಲಿನ ಪಾಂಡಿತ್ಯವನ್ನು ಮೆಲ್ಲನೆ ಹೊರಗೆಡಹಿದಾಗ ಕಾಕಾ ಕ್ಷಣಕಾಲ ಯೋಚಿಸಿ, ‘ಹಂಗಾದ್ರ ಅವನೂ ಕಾಕಾನಽ ಆದ್ನಲ್ರಿ’ ಎಂದು, ಶತ್ರುವಿನ ವಿಷಯದಲ್ಲಿ ಆವರೆಗೆ ತೋರದಿದ್ದ ಒಂದು ಬಗೆಯ ಮರುಕವನ್ನು ತೋರಿದರು.

ಆದರೆ ಕಿತ್ತೂರಿನ ಮುಖ್ಯ ಪ್ರಸಂಗವು ಇದಲ್ಲ. ಪಾಳುಬಿದ್ದ ಅರಮನೆಯ ಗೋಡೆಯಲ್ಲಿ ಧ್ರುವನಕ್ಷತ್ರವನ್ನು ನೋಡುವುದಕ್ಕೆಂದು ಮಾಡಿದ ಒಂದು ರಂಧ್ರವಿದೆ. ಕಿತ್ತೂರಿನ ಅಕ್ಷಾಂಶವು ಸುಮಾರು ಹದಿನೈದೂವರೆ ಅಂಶವಾದುದರಿಂದ ಧ್ರುವನು ಅಲ್ಲಿ ಉತ್ತರದ ದಿಗಂತಕ್ಕೆ ಸರಿಸುಮಾರು ಅಷ್ಟೇ ಎತ್ತರದಲ್ಲಿ, ತೀರ ತಗ್ಗಿನಲ್ಲಿ ಇರುತ್ತಾನೆ. ಮತ್ತು ಉಳಿದ ನಕ್ಷತ್ರಗಳಂತೆ ಅಲೆಯುವವನಲ್ಲವಾದುದರಿಂದ ಅವನಿಗಾಗಿ ಗೋಡೆಯಲ್ಲಿ ಒಂದೇ ಒಂದು ರಂಧ್ರವು ಸಾಕಾಗುತ್ತದೆ. ಕಟ್ಟಿದವರ ಜಾಣ್ಮೆಯನ್ನು ನಾನು ಮನಸಾರೆ ಮೆಚ್ಚುತ್ತಿದ್ದಂತೆಯೇ ಕಾಕಾ ನನ್ನ ಕತ್ತನ್ನು ಹಿಡಿದು ಬಾಗಿಸಿ, ಕಣ್ಣನ್ನು ರಂಧ್ರಕ್ಕೆ ಹಚ್ಚಿದರು. ಆಗ ಸಮಯವು ಬೆಳಗಿನ ಹನ್ನೊಂದು ಗಂಟೆ.

‘ಒಂದು ಕಣ್ಣು ಮುಚ್ರಿ. ಕಾಣತೈತೇನ್ರಿ?’

‘ಹಗಲಲ್ರಿ ಕಾಕಾ.’

‘ಹಗಲಾದ್ರ ಏನಾತ್ರಿ? ನಕ್ಷತ್ರ ಎಲ್ಲಿಗಿ ಹೋಗೈತಿ? ಅಲ್ಲೇ ಐತಿ. ಧ್ರುವ ಅಂದ್ರ ಎದ್ದು ಹೋಗಾಂವ ಅಲ್ಲ.’

ಶಾಸ್ತ್ರತಃ ಅವರ ವಾದದಲ್ಲಿ ಯಾವ ದೋಷವೂ ಇರಲಿಲ್ಲ. ನಕ್ಷತ್ರವು ಅಲ್ಲಿಯೇ ಇತ್ತು. ನಾನೂ ಅಲ್ಲಿಯೇ ಇದ್ದೆ. ನಮ್ಮಿಬ್ಬರ ನಡುವೆ ಅಡ್ಡವಾದದ್ದು ಸೂರ್ಯನೊಬ್ಬನೇ. ಸುಣ್ಣದ ಹಳಕು ರೆಪ್ಪೆಯೊಳಗೆ ಬಿದ್ದು ಕಣ್ಣಿನಿಂದ ನೀರು ಧಾರಾಕಾರವಾಗಿ ಸುರಿಯತೊಡಗಿದಾಗ ‘ಕಂಡಿತು’ ಎಂದೆ. ನನ್ನ ಕಣ್ಣೀರನ್ನು ಭಕ್ತಿಯೆಂದು ಬಗೆದ ಕಾಕಾ ಬೆನ್ನು ಚಪ್ಪರಿಸಿದರು. ಅಷ್ಟರಲ್ಲಿ ಯಾವುದೋ ಶಾಲೆಯ ಮಕ್ಕಳ ದಂಡೊಂದು ತಮ್ಮ ಗುರುಗಳೊಡನೆ ಅಲ್ಲಿಗೆ ಬರಲು, ‘ಸಾಲಾಗಿ ನಿಂದರ್ರಿ! ನಮ್ಮ ಅಳಿಯಾರು ಈಗಽ ಕಂಡಾರ’ ಎಂದು ಅವರೆಲ್ಲರ ಎದುರಿಗೆ ನನ್ನನ್ನು ಸಾಕ್ಷಿಯಾಗಿ ನಿಲ್ಲಿಸಿದರು. ಮಕ್ಕಳು ಒಬ್ಬೊಬ್ಬರಾಗಿ ಕಣ್ಣು ಹಚ್ಚಿ, ದೊಡ್ಡವರ ಮನಸ್ಸನ್ನು ನೋಯಿಸಲಾರದೆ, ಕಂಡಿತು ಕಂಡಿತು ಎನ್ನುತ್ತ ಸರಿದರು. ಕೊನೆಯವನಾದ ಒಬ್ಬ ಚಿಕ್ಕ ಹುಡುಗ ಮಾತ್ರ ಬಹಳ ಹೊತ್ತು ನೋಡಿ, ‘ನನಗ ಆಕಳ ಕಾಣತೈತ್ರಿ’ ಎಂದನು. ಕಾಕಾ ಅವನನ್ನು ಕನಿಕರದಿಂದ ನೋಡಿದರು. ಆಕಳು ಇದ್ದುದು ನಿಜ.

ಕಿತ್ತೂರಿನಿಂದ ಸವದತ್ತಿಗೆ ಹೋಗುವವರಿಗೆ ದಾರಿಗಳು ಬೇರೆಯೂ ಇವೆ. ಆದರೆ ಕಾಕಾ ಅವರ ಮಾರ್ಗವು ಬೈಲಹೊಂಗಲದಲ್ಲಿನ ಅವರ ಮನೆಯ ಹೊಸ್ತಿಲ ಮೇಲೆಯೇ ಹಾದುಹೋಗುತ್ತಿದ್ದುದರಿಂದ ನಡುಹಗಲಿನ ಊಟವು ಅಲ್ಲಿ ಅನಿವಾರ್ಯವಾಯಿತು. ಡಿಕ್ಕಿಯಲ್ಲಿದ್ದ ಬುತ್ತಿಯನ್ನು ಕೆಡಿಸಬಾರದೆಂಬ ಧರ್ಮದೃಷ್ಟಿಯಿಂದ ಮುಂದೆ ಸೊಗಲದ ಸೋಮೇಶ್ವರನ ಸನ್ನಿಧಿಯಲ್ಲಿ ಅದೂ ಮುಗಿಯಿತು. ಅಲ್ಲಿನ ಜಲಪಾತವು ಆ ದಿನಗಳಲ್ಲಿ ಕೃಶವಾಗಿತ್ತು. ನಾನು ಬಾಯಿತಪ್ಪಿ ಗೋಕಾಕದ ಹೆಸರನ್ನೆತ್ತಿದೆನು. ಘಟಪ್ರಭೆಯು 52 ಮೀಟರು ಎತ್ತರದಿಂದ ಧುಮುಕುವುದನ್ನು ಕಾಕಾ ಅಲ್ಲಗಳೆಯಲಿಲ್ಲ, ‘ಧುಮಕತೈತಿ, ಹೌದು. ಖರೇ ಅದು ಗಿರಣಿಗಂತ ಧುಮಕೂ ನೀರು. ನಮ್ಮದು ದೇವರಿಗಂತ ಬೀಳತೈತಿ’ ಎಂದರು. ಜೋಗವಾದರೋ? ‘ಜೋಗಕ್ಕ ಹೋಗಿ ಮಂಜು ನೋಡಿ ಬಂದವರಽ ಭಾಳ ಮಂದಿ ಅದಾರ್ರಿ.’ ಮಳೆಗಾಲದಲ್ಲಿ ಅಲ್ಲಿಗೆ ಹೋದವರು ಈ ಮಾತನ್ನು ಅಷ್ಟು ಸುಲಭವಾಗಿ ತಳ್ಳಿಹಾಕಲಾರರು.

ನವಿಲುತೀರ್ಥದಲ್ಲಿ ಕಾಕಾ ಅವರ ಪ್ರತಿಭೆಯು ಪೂರ್ಣಸ್ವರೂಪವನ್ನು ತಾಳಿತು. ಕಣಕುಂಬಿಯಲ್ಲಿ ಹುಟ್ಟಿ ಕೂಡಲಸಂಗಮಕ್ಕೆ ಹೊರಟ ಮಲಪ್ರಭೆಗೆ ಇಲ್ಲಿ ಗುಡ್ಡಗಳ ಸಾಲೊಂದು ಅಡ್ಡವಾಗಿ, ಮುಂದೆ ದಾರಿಗಾಣದೆ ನದಿಯು ನಿಂತಿತೆಂದೂ, ಆಗ ಗುಡ್ಡದ ಮೇಲಿನ ನವಿಲೊಂದು ಕೂಗಿ ಕರೆದು ದಾರಿ ತೋರಿಸಲು ನದಿಯು ಬಂಡೆಗಳನ್ನು ಸೀಳಿಕೊಂಡು ಆಚೆಗೆ ಹೋಯಿತೆಂದೂ ಸ್ಥಳಪುರಾಣ. ಆ ನವಿಲೇ ಕಾಕಾ ಅವರ ಪಂಗಡದ ಮೂಲಪುರುಷನಾಗಿರಬೇಕೆಂದು ನನ್ನ ತರ್ಕ. ಏಕೆಂದರೆ ಆ ಸೀಮೆಯಲ್ಲಿ ಕೇಳದವರಿಗೂ ದಾರಿ ತೋರಿಸಿದವರಲ್ಲಿ ಅದಕ್ಕಿಂತ ಹಿಂದಿನವರು ಗೊತ್ತಿಲ್ಲ. ಗುಡ್ಡಗಳು ತಾವಾಗಿಯೇ ಒಂದನ್ನೊಂದು ಮುಟ್ಟುವಷ್ಟು ಹತ್ತಿರ ಬಂದಿರುವುದರಿಂದ, ಎಪ್ಪತ್ತರ ದಶಕದ ಆರಂಭದಲ್ಲಿ ಅಣೆಕಟ್ಟನ್ನು ಕಟ್ಟಿದವರಿಗೆ ಸುಮಾರು ನೂರೈವತ್ತು ಮೀಟರಿನ ಬಾಗಿಲೊಂದನ್ನು ಮುಚ್ಚಿದರೆ ಸಾಕಾಯಿತು. ಹಿಂದೆ ನಿಂತ ನೀರು ಮಾತ್ರ ಮೂವತ್ತೇಳು ಟಿಎಂಸಿಗೂ ಮಿಕ್ಕು. ಆ ರೇಣುಕಾಸಾಗರವು ಅಂದು ತುಂಬಿ ತುಳುಕುತ್ತಿತ್ತಂತೆ. ಅಂತೆ ಎಂದೇಕೆ ಬರೆಯುತ್ತಿದ್ದೇನೆಂದರೆ, ನನ್ನ ಮತ್ತು ಜಲರಾಶಿಯ ನಡುವೆ ಕಾಕಾ ನಿಂತಿದ್ದರು. ಎಡಕ್ಕೆ ಸರಿದರೆ ಎಡಕ್ಕೂ ಬಲಕ್ಕೆ ಸರಿದರೆ ಬಲಕ್ಕೂ ಅವರ ಬಿಳಿಯ ಟೋಪಿಯು ಸರಿಯುತ್ತಿತ್ತು.

‘ಹೆಂಗೈತ್ರಿ?’

‘ಭಾಳ ಛಲೋ ಐತ್ರಿ.’

‘ಭಾಳ ಅಂದ್ರ?’

ಸೌಂದರ್ಯಮೀಮಾಂಸೆಯ ಯಾವ ಗ್ರಂಥವೂ ಈ ಪ್ರಶ್ನೆಗೆ ನಮ್ಮನ್ನು ಅಣಿಗೊಳಿಸುವುದಿಲ್ಲ. ನಾನು ತಡವರಿಸುತ್ತಿರಲು ಅವರೇ ಕೈಹಿಡಿದೆತ್ತಿದರು: ‘ನಿಮ್ಮ ಧಾರವಾಡದ ನಳದಾಗ ಬರೂದು ಇದಽ ನೀರು. ನೀವು ಇದನ್ನಽ ಕುಡದು, ಇದನ್ನಽ ನೋಡಾಕ ಬಂದೀರಿ.’ ಮಾತು ಯಥಾರ್ಥ. ಹುಬ್ಬಳ್ಳಿ-ಧಾರವಾಡಗಳೆರಡೂ ಈ ಜಲಾಶಯಕ್ಕೆ ಋಣಿಗಳು. ಹೆಣ್ಣು ಕೊಟ್ಟದ್ದಲ್ಲದೆ ನೀರನ್ನೂ ಕೊಟ್ಟ ಮನೆತನದ ಮುಂದೆ ಅಳಿಯನು ಇನ್ನೇನು ಹೇಳಬಲ್ಲನು? ಬಳಿಕ ಅವರು ತಮ್ಮ ಮೊಬೈಲನ್ನು ಹೊರತೆಗೆದು, ‘ಈ ಕಡೆ ಮಾರಿ ಮಾಡ್ರಿ, ನೀರು ಹಿಂದ ಬರತೈತಿ’ ಎಂದು ನನ್ನನ್ನು ತಿರುಗಿಸಿ ನಿಲ್ಲಿಸಿದರು. ಚಿತ್ರದಲ್ಲಿ ಮೂಡಿದ್ದು ನನ್ನ ಎಡಗಿವಿ, ಕಬ್ಬಿಣದ ಕಟಾಂಜನ, ಮತ್ತು ಕಾಕಾ ಅವರ ಹೆಬ್ಬೆರಳು.

ಎಲ್ಲಮ್ಮನ ಗುಡ್ಡದಲ್ಲಿ ಹೆಚ್ಚು ಹೊತ್ತು ನಿಲ್ಲಲಾಗಲಿಲ್ಲ. ಬನದ ಹುಣ್ಣಿಮೆಯ ಜಾತ್ರೆಗೆಂದು ಹೊರಟ ಚಕ್ಕಡಿಗಳೂ ಟ್ರ್ಯಾಕ್ಟರುಗಳೂ ದಾರಿಯನ್ನು ತುಂಬಿದ್ದವು. ಎತ್ತುಗಳ ಹಣೆಯಿಂದ ಹಿಡಿದು ಟ್ರ್ಯಾಕ್ಟರಿನ ಬಂಪರಿನವರೆಗೆ ಎಲ್ಲವೂ ಭಂಡಾರದಿಂದ ಹಳದಿಯಾಗಿತ್ತು. ‘ಉಧೋ ಉಧೋ’ ಎಂಬ ಘೋಷದಲ್ಲಿ ಕಾಕಾ ಅವರ ವಿವರಣೆಯು ನನ್ನ ಕಿವಿಯನ್ನು ತಲುಪದೆ, ನಾನು ಅಂದು ಮೊದಲ ಸಲ ಏನನ್ನಾದರೂ ನೋಡಿದೆನು.

ರಾಮದುರ್ಗದಲ್ಲಿ ಕಾಕಾ ಅವರ ಬೀಗರಿದ್ದರು. ಅವರನ್ನು ಕಾರಿನಲ್ಲಿ ಕೂರಿಸಿಕೊಂಡು ಸುರೇಬಾನದ ಶಬರಿಕೊಳ್ಳಕ್ಕೆ ಹೊರಟ ಮೇಲೆ, ಈ ಬೀಗತನವನ್ನು ಕುದುರಿಸಿದವರು ಜಾತಕವನ್ನಲ್ಲ, ಸ್ವಭಾವವನ್ನೇ ಕೂಡಿಸಿ ನೋಡಿರಬೇಕೆಂಬುದು ನನಗೆ ಸ್ಪಷ್ಟವಾಯಿತು. ಬೀಗರ ಕೈಯಲ್ಲಿಯೂ ಛತ್ರಿಯಿತ್ತು. ರಾಮನಿಗೆ ಕೊಡುವ ಮುನ್ನ ಹಣ್ಣನ್ನು ಕಚ್ಚಿ ನೋಡಿದ ಶಬರಿಯ ಸ್ಥಾನವಲ್ಲವೆ? ಅವರು ಪ್ರತಿಯೊಂದು ನೋಟದ ತಾಣಕ್ಕೂ ನಮಗಿಂತ ಮುಂಚಿತವಾಗಿ ತಾವೊಬ್ಬರೇ ಹೋಗಿ, ನೋಡಿ, ರುಚಿ ಕೆಟ್ಟಿಲ್ಲವೆಂದು ಖಾತ್ರಿ ಮಾಡಿಕೊಂಡು, ಹಿಂದಿರುಗಿ ಬಂದು, ‘ಈಗ ಬರ್ರಿ’ ಎಂದು ಕರೆದರು. ಕಾಕಾ ಅವರು ಜೀವಮಾನದಲ್ಲಿ ಮೊದಲ ಸಲ ಅತಿಥಿಯ ಜಾಗದಲ್ಲಿ ನಿಂತು ಬೇರೊಬ್ಬರ ಟೋಪಿಯನ್ನು ನೋಡಬೇಕಾಯಿತು. ಆ ಕಷ್ಟವನ್ನು ಅವರು ಬಹಳ ಹೊತ್ತು ಸಹಿಸಲಿಲ್ಲ.

‘ನೋಟ ಛಲೋ ಐತಿ ಬೀಗರ. ಆದ್ರ ನಿಮ್ಮ ಊರಿಗಿ ಬರೂ ಹೊಳಿ ನಮ್ಮ ನವಿಲುತೀರ್ಥದಾಗ ಗೇಟ್ ತಗದ್ರಽ ಬರತೈತಿ’ ಎಂದರು.

‘ನೀರು ಬಿಡೂದು ವಾಚ್‌ಮನ್ನನ ಕೆಲಸಲ್ರಿ’ ಎಂದರು ಬೀಗರು. ‘ಮ್ಯಾಲಾಗಿ ನಿಮ್ಮದು ತಾಲೂಕು. ನಮ್ಮದು ಸಂಸ್ಥಾನ!’ ರಾಮದುರ್ಗವು ಭಾವೆ ಮನೆತನದ ಸಂಸ್ಥಾನವಾಗಿದ್ದುದೂ, 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ಸೇರಿಹೋದುದೂ ನಿಜವೇ. ಸಂಸ್ಥಾನವು ಹೋದರೂ ಸಂಸ್ಥಾನಿಕರ ಪ್ರಜೆಯೆಂಬ ಬಿಂಕವು ಅಳಿದಿರಲಿಲ್ಲ.

‘ಸಂಸ್ಥಾನ ಇರ್ಲಿ. ನಮ್ಮ ಕಿತ್ತೂರಾಗ ಥ್ಯಾಕರೆ ಬಿದ್ದ.’

‘ನಮ್ಮ ಇದಽ ಸುರೇಬಾನದಾಗ, 1858ರಾಗ, ನರಗುಂದ ಬಂಡಾಯದಾಗ, ಮ್ಯಾನ್ಸನ್ ಬಿದ್ದ. ಅವನೂ ಪೊಲಿಟಿಕಲ್ ಏಜಂಟನಽ.’

ದರ್ಜೆಯಲ್ಲಿ ಇಬ್ಬರೂ ಸರಿಸಮಾನರಾದುದರಿಂದ ಈ ಬಾಬತ್ತು ಇತ್ಯರ್ಥವಾಗದೆ ಉಳಿಯಿತು. ಆಗ ಉಭಯ ಛತ್ರಿಗಳೂ ಏಕಕಾಲದಲ್ಲಿ ನನ್ನತ್ತ ತಿರುಗಿದವು. ಯಾರ ಸೀಮೆಯ ನೋಟವು ಮೇಲೆಂಬುದನ್ನು ಅಳಿಯಂದಿರೇ ಹೇಳತಕ್ಕದ್ದು! ಒಂದು ಕಡೆ ಮಡದಿಯ ತವರು. ಇನ್ನೊಂದು ಕಡೆ ಆ ರಾತ್ರಿಯ ಊಟ. ನನ್ನನ್ನು ಈ ಸಂಕಟದಿಂದ ಪಾರುಮಾಡಿದವನು ಚಾಲಕ. ಎಂದಿನ ನಿದ್ರೆಯಿಂದ ಅದು ಹೇಗೆ ಎಚ್ಚೆತ್ತಿದ್ದನೋ, ಕಾರಿನ ಕಿಟಕಿಯಿಂದ ತಲೆಯನ್ನು ಹೊರಹಾಕಿ, ‘ಕತ್ತಲಾತ್ರಿ. ಬೆಳಕಿನಾಗ ಎರಡೂ ಕೂಡೆ ನೋಡಿದ್ರಽ ತೀರ್ಪು ಹೇಳಾಕ ಬರತೈತಿ’ ಎಂದನು. ಬಾಡಿಗೆಯು ಕಿಲೋಮೀಟರಿನ ಲೆಕ್ಕದ್ದೆಂಬುದು ನನಗೆ ಆಗ ನೆನಪಾಯಿತು. ಇಬ್ಬರು ಹಿರಿಯರೂ ಇದನ್ನು ಪರಮಸಂತೋಷದಿಂದ ಅಂಗೀಕರಿಸಿ, ಮರುದಿನ ಮೂವರೂ ಕೂಡಿ ರಾಮದುರ್ಗದಿಂದ ಕಿತ್ತೂರಿನವರೆಗೆ ವಿಲೋಮವಾಗಿ ಸಂಚರಿಸತಕ್ಕದ್ದೆಂದು ಗೊತ್ತುಮಾಡಿದರು. ಧ್ರುವನಕ್ಷತ್ರದ ವಿಚಾರದಲ್ಲಿ ಮಾತ್ರ ಬೀಗರು ಸಂಶಯವನ್ನು ಪ್ರಕಟಿಸಿದರು. ಅದು ಇರುಳಿನಲ್ಲಲ್ಲದೆ ಕಾಣದೆಂದು ಅವರ ಮತ.

‘ಅಳಿಯಾರು ಹಗಲಽ ಕಂಡಾರ! ಕೇಳ್ರಿ ಬೇಕಾದ್ರ’ ಎಂದರು ಕಾಕಾ.

‘ಖರೇ ಏನ್ರಿ?’

‘ಕಂಡೀನ್ರಿ’ ಎಂದೆ.

‘ಆಕಳೂ ಇತ್ತಂತಲ್ರಿ’ ಎಂದು ಚಾಲಕನು ಕಾರನ್ನು ಚಾಲೂ ಮಾಡಿದನು.